ಗೂಗಲ್ ಮ್ಯಾಪ್ಸ್‌ನ ಜೆಮಿನಿಯೋ, ಮ್ಯಾಪಲ್ಸೋ? ಕನ್ನಡದಲ್ಲಿ ದಾರಿ ಕೇಳಿ ನೋಡಿದೆ

ಕಾರು ಓಡಿಸುವಾಗ ಫೋನ್ ಮುಟ್ಟಬಾರದು. ಕನ್ನಡದಲ್ಲೇ ಕೇಳಿದರೆ ದಾರಿ ಸಿಗಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಅದಕ್ಕೇ ಗೂಗಲ್‌ನ ಎಐ ಅಸಿಸ್ಟೆಂಟ್ ಜೆಮಿನಿ ಸೇರಿಕೊಂಡಿರುವ ಗೂಗಲ್ ಮ್ಯಾಪ್ಸ್ ಮತ್ತು ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್, ಎರಡನ್ನೂ ಬೆಂಗಳೂರಿನ ಒಳಗೂ ಮೈಸೂರು ಹೆದ್ದಾರಿಯಲ್ಲೂ ಬಳಸಿ ನೋಡಿದೆ. ಅಮೆಜಾನ್‌ನ ವಾಯ್ಸ್ ಅಸಿಸ್ಟೆಂಟ್ ಅಲೆಕ್ಸಾವನ್ನು ಮೊದಲೇ ಬಿಟ್ಟೆ. ನಮ್ಮಲ್ಲಿ ಅದರ ಜೊತೆ ಇಂಗ್ಲಿಷ್ ಇಲ್ಲಾ ಹಿಂದಿಯಲ್ಲಿ ಮಾತಾಡಬೇಕು.

ಮಾತಿನ ವಿಷಯದಲ್ಲಿ ಜೆಮಿನಿ ಎಷ್ಟೋ ಮುಂದಿದೆ. ಮಾತಾಡುತ್ತಲೇ ಬಳಸುವ ಜೆಮಿನಿ ಲೈವ್‌ಗೆ ಕನ್ನಡ ಬರುತ್ತದೆ ಎಂದು ಗೂಗಲ್ ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ. ಮರುವರ್ಷ ನವೆಂಬರ್‌ನಲ್ಲಿ ಭಾರತದ ಮ್ಯಾಪ್ಸ್‌ಗೂ ಜೆಮಿನಿ ಬರುತ್ತಿದೆ ಎಂದರು. ನಾನು ಕೇಳಿದ್ದು ಹೀಗೆ: "ಮದ್ದೂರು ವಡೆ ತಿನ್ಬೇಕು, ಎಲ್ಲಿ ಇಳಿಯೋದು?" ಇದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ. 2023ರಲ್ಲಿ ಶುರುವಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಹೊರಗಿಂದಲೇ ದಾಟಿಸಿಬಿಡುತ್ತದೆ. ಸರಿಯಾದ ಜಾಗದಲ್ಲಿ ಸರ್ವಿಸ್ ರಸ್ತೆಗೆ ಇಳಿಯದಿದ್ದರೆ ವಡೆ ಹೋಯ್ತು ಅಂತಲೇ ಲೆಕ್ಕ. ಉತ್ತರ ಬಂದ ಮೇಲೆ "ಅಲ್ಲಿ ಕಾರ್ ನಿಲ್ಲಿಸೋಕೆ ಜಾಗ ಇದ್ಯಾ?" ಎಂದೆ. ಊರಿನ ಹೆಸರು ಮತ್ತೆ ಹೇಳಲಿಲ್ಲ. ಆದರೂ ಅದಕ್ಕೆ ಅರ್ಥವಾಯಿತು. ಹಿಂದಿನ ವಾಯ್ಸ್ ಅಸಿಸ್ಟೆಂಟ್‌ಗಳಿಗೆ ಪ್ರತಿ ಸಲ ಪೂರ್ತಿ ವಾಕ್ಯ ಒಪ್ಪಿಸಬೇಕಿತ್ತು. ನಿಜವಾಗಿ ಬದಲಾಗಿರುವುದು ಇದು, ಮತ್ತು ಇದು ದೊಡ್ಡ ಬದಲಾವಣೆ. ನನ್ನಮ್ಮನ ವಯಸ್ಸಿನವರು ಟೈಪ್ ಮಾಡದೆ, ಮನೆಯಲ್ಲಿ ಆಡುವ ಮಾತಿನಲ್ಲೇ ದಾರಿ ಕೇಳಬಹುದು ಅಂದರೆ ನನಗೆ ತುಂಬಾ ಖುಷಿ.

ಒಂದು ಎಚ್ಚರಿಕೆ. ಮ್ಯಾಪ್ ಇಲ್ಲದೆ ಬರೀ ಚಾಟ್ ಮಾಡುವ ಎಐ ಆ್ಯಪ್‌ಗಳಲ್ಲಿ ಊಟದ ಜಾಗ ಕೇಳಬೇಡಿ. ಅಂಥ ಒಂದು ಆ್ಯಪ್ ನನಗೆ ಇಲ್ಲದ ಹೋಟೆಲ್ ಒಂದರ ಹೆಸರನ್ನು ಬಹಳ ಧೈರ್ಯವಾಗಿ ಹೇಳಿತು. ಇವು ಮಾತು ಹೊಂದಿಸುತ್ತವೆ, ಜಾಗ ಇದೆಯಾ ಅಂತ ನೋಡುವುದಿಲ್ಲ. ಮ್ಯಾಪ್ಸ್ ಒಳಗಿನ ಜೆಮಿನಿ ಉತ್ತರ ಹುಡುಕುವುದು ಗೂಗಲ್ ಬಳಿ ಇರುವ ಸುಮಾರು 25 ಕೋಟಿ ಜಾಗಗಳ ಮಾಹಿತಿಯಲ್ಲಿ. ವ್ಯತ್ಯಾಸ ಅಲ್ಲೇ ಇದೆ.

ಆದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ತಲುಪಿದರೆ ಲೆಕ್ಕ ಬೇರೆ. ರಾಗಿಗುಡ್ಡದ ಕಡೆಯಿಂದ ಬರುವ ಡಬಲ್ ಡೆಕ್ಕರ್ ಫ್ಲೈಓವರ್‌ನಲ್ಲಿ ಕೆಳಗೊಂದು ರಸ್ತೆ, ಅದರ ಮೇಲೊಂದು ರಸ್ತೆ, ಅದಕ್ಕೂ ಮೇಲೆ ಮೆಟ್ರೋ. ಜಿಪಿಎಸ್‌ಗೆ ನಾವು ಭೂಮಿಯ ಮೇಲೆ ಎಲ್ಲಿದ್ದೇವೆ ಎಂದು ಕೆಲವು ಮೀಟರ್ ಅಂತರದಲ್ಲಿ ಗೊತ್ತಾಗುತ್ತದೆ. ಎಷ್ಟು ಎತ್ತರದಲ್ಲಿದ್ದೇವೆ ಎನ್ನುವುದರಲ್ಲಿ ತಪ್ಪು ಇನ್ನೂ ಜಾಸ್ತಿ. ಕಾಂಕ್ರೀಟ್ ಕೆಳಗೆ ಹೋದರೆ ಸಿಗ್ನಲ್ಲೇ ಸರಿಯಾಗಿ ಬರುವುದಿಲ್ಲ. ಹಾಗಾಗಿ ಫ್ಲೈಓವರ್ ಹತ್ತುವ ಮುಂಚೆಯೇ ಆ್ಯಪ್ ಹೇಳಬೇಕು, ಆಮೇಲೆ ಹೇಳಿ ಏನು ಪ್ರಯೋಜನ?

ಇಲ್ಲಿ ನನಗೆ ಹಿಡಿಸಿದ್ದು ಮ್ಯಾಪಲ್ಸ್. ಜಂಕ್ಷನ್ ಹತ್ತಿರ ಬಂದಾಗ ಇಡೀ ಫ್ಲೈಓವರ್‌ನ 3ಡಿ ಚಿತ್ರ ತೆರೆದುಕೊಳ್ಳುತ್ತದೆ. ಯಾವ ಲೇನ್ ಹಿಡಿಯಬೇಕು ಅಂತ ಬಾಣದ ಗುರುತು ಇರುತ್ತದೆ. ಒಂದು ಕಣ್ಣೋಟ ಸಾಕು. ಮುಂದೆ ಹಂಪ್ ಇದೆ, ಗುಂಡಿ ಇದೆ ಎಂದೂ ಎಚ್ಚರಿಸುತ್ತದೆ. ಬೆಂಗಳೂರು ಸಂಚಾರ ಪೊಲೀಸರ ಜೊತೆ ಸೇರಿ 2025ರಲ್ಲಿ ತಂದ ಸಿಗ್ನಲ್ ಟೈಮರ್ ಕೂಡ ಇದೆ. ಕೆಂಪು ದೀಪ ಇನ್ನೆಷ್ಟು ಸೆಕೆಂಡ್ ಅಂತ ಫೋನ್‌ನಲ್ಲೇ ಕಾಣುತ್ತದೆ. ಎಲ್ಲ ಸಿಗ್ನಲ್‌ಗಳಲ್ಲೂ ಇಲ್ಲ, ಇದ್ದ ಕಡೆ ಮಾತ್ರ ನೆಮ್ಮದಿ. ಗೂಗಲ್ ಕೂಡ 2024ರಿಂದ ಫ್ಲೈಓವರ್ ಹತ್ತಬೇಕೋ ಬೇಡವೋ ಹೇಳುತ್ತಿದೆ, ಅದನ್ನು ಮರೆಯುವಂತಿಲ್ಲ. ಆದರೆ ಆ ಗದ್ದಲದಲ್ಲಿ ನನಗೆ ಮಾತಿಗಿಂತ ಚಿತ್ರವೇ ಬೇಗ ತಲುಪಿತು.

ಬೈಕ್‌ನವರು ಯಾವ ಆ್ಯಪ್ ಬಳಸಿದರೂ ಬೈಕ್ ಮೋಡ್ ಆರಿಸಿಕೊಳ್ಳಿ. 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್, ಆಟೋ ಬಿಡುವುದಿಲ್ಲ.

ಈಗ ನಾನು ಊರೊಳಗೆ ಮ್ಯಾಪಲ್ಸ್ ಹಾಕುತ್ತೇನೆ, ಬೆಂಗಳೂರಿನ ಅಂಚಿನ ನೈಸ್ ರಸ್ತೆ ದಾಟಿದ ಮೇಲೆ ಗೂಗಲ್. ಮ್ಯಾಪಲ್ಸ್‌ನಲ್ಲಿ ಜೆಮಿನಿಯಷ್ಟು ಸಲೀಸಾಗಿ ಕನ್ನಡ ಮಾತಾಡುವ ಸೌಲಭ್ಯ ಬಂದ ದಿನ ಒಂದೇ ಆ್ಯಪ್ ಸಾಕಾಗುತ್ತದೆ. ಜೆಮಿನಿಗೆ ಇಂಟರ್‌ನೆಟ್ ಬೇಕೇ ಬೇಕು. ಶಿರಾಡಿ ಘಾಟಿ ಕಡೆ ಹೊರಟವರು ಸಕಲೇಶಪುರ ದಾಟುವ ಮೊದಲೇ ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಕಾಡಿನ ನಡುವೆ ನೆಟ್‌ವರ್ಕ್ ಹೋದರೂ ದಾರಿ ಕೈಲಿರುತ್ತದೆ.