ಅಪ್ಪನ ಟ್ರಾನ್ಸ್‌ಪ್ಲಾಂಟ್ ಟೀಮ್ ಬಗ್ಗೆ ನಾಲ್ಕು ಮಾತು
ಅಪ್ಪಂಗೆ ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರ್, ಅವರದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸೋ ಮೂಲ ಕಣ) ತೆಗೆದು ಫ್ರೀಜ್ ಮಾಡಿಟ್ಟು ವಾಪಸ್ ಹಾಕೋ ಟ್ರಾನ್ಸ್‌ಪ್ಲಾಂಟ್. ದೊಡ್ಡ ಆಪರೇಷನ್ ಅಂತ ಹೆದರಿದ್ವಿ, ನೋಡಿದ್ರೆ ರಕ್ತ ಏರಿಸೋ ಹಾಗೆ ಒಂದು ಬ್ಯಾಗ್ ಅಷ್ಟೇ, ರೂಮೆಲ್ಲಾ ಬೆಳ್ಳುಳ್ಳಿ ವಾಸನೆ, ಸೆಲ್ ಕೆಡದೇ ಇರೋಕೆ ಹಾಕಿರೋ ಕೆಮಿಕಲ್‌ದಂತೆ. ಅದಕ್ಕೂ ಮುಂಚೆ ಮೆಲ್ಫಲಾನ್ ಅನ್ನೋ ಕೀಮೋ ಔಷಧಿ ಕೊಡೋವಾಗ ನರ್ಸ್ ಪಕ್ಕದಲ್ಲೇ ಕೂತು ಬಾಯಿಗೆ ಐಸ್ ಚೂರು ಹಾಕ್ತಾನೇ ಇದ್ರು, ಹುಣ್ಣಾಗಬಾರದು ಅಂತ, ಅಪ್ಪ ರೇಗಿದ್ರೂ ಬಿಡ್ಲಿಲ್ಲ ಪುಣ್ಯಾತ್ಗಿತ್ತಿ. ಸೆಲ್ ಹಾಕಿದ ಮೇಲೆ ಜ್ವರ, ಭೇದಿ, ಬಿಳಿ ರಕ್ತಕಣದ ಕೌಂಟ್ ಸೊನ್ನೆ. ಡಾಕ್ಟರ್ ದಿನಾ ರಿಪೋರ್ಟ್ ಹಿಡ್ಕೊಂಡೇ ಬಂದು ಬಿಡಿಸಿ ಹೇಳೋರು, 12ನೇ ದಿನ ನ್ಯೂಟ್ರೋಫಿಲ್ (ಸೋಂಕು ತಡೆಯೋ ಬಿಳಿ ರಕ್ತಕಣ) 500 ದಾಟಿದಾಗ ನಮಗಿಂತ ಅವ್ರಿಗೇ ಖುಷಿ. ಬೇಜಾರು ಒಂದೇ, ಡಿಸ್ಚಾರ್ಜ್ ದಿನ ಮಾತ್ರೆ ಪಟ್ಟಿ ಗಡಿಬಿಡೀಲಿ ಕೊಟ್ಟು ಕಳಿಸಿದ್ರು, ಡೋಸ್ ಕೇಳೋಕೆ ಬೆಳಗ್ಗೆಯಿಂದ ಫೋನ್ ಮಾಡಿದ್ರೆ ಎತ್ತಿದ್ದು ಸಂಜೆ.