ಮಾಲ್ಥಸ್, ಡಾರ್ವಿನ್, ವಾಲೇಸ್: ಮೊದಲು ಯಾರನ್ನು ಓದುವುದು?

ಜನಸಂಖ್ಯೆಯ ಲೆಕ್ಕದಿಂದ ನಿಸರ್ಗದ ಆಯ್ಕೆಯ ಸಿದ್ಧಾಂತ (ಪರಿಸರಕ್ಕೆ ಹೊಂದುವ ಜೀವಿಗಳೇ ಹೆಚ್ಚಾಗಿ ಉಳಿದು ಸಂತತಿ ಬೆಳೆಸುತ್ತವೆ, ಹೀಗೆ ಪ್ರಭೇದಗಳು ಬದಲಾಗುತ್ತವೆ ಎಂಬುದು) ಹೇಗೆ ಮೂಡಿತೆಂದು ತಿಳಿಯಲು ಮೂವರಲ್ಲಿ ಯಾರನ್ನು ಓದಲಿ ಎಂದು ಕೇಳಿದ್ದೀರಿ.

ಪುರುಸೊತ್ತು ಕಡಿಮೆಯಿದ್ದರೆ, ಡಾರ್ವಿನ್‌ನಂತೆಯೇ ಈ ಸಿದ್ಧಾಂತಕ್ಕೆ ತಾನೇ ತಲುಪಿದ ನಿಸರ್ಗಶಾಸ್ತ್ರಜ್ಞ ವಾಲೇಸ್‌ನ 1858ರ ಲೇಖನ ಸಾಕು, ಹತ್ತೇ ಪುಟ. ಇಂದಿನ ಇಂಡೋನೇಷ್ಯಾದ ಮಲುಕ್ಕು ದ್ವೀಪಗಳಲ್ಲಿ ಚಳಿಜ್ವರದಿಂದ ಮಲಗಿದ್ದಾಗ, ಎಂದೋ ಓದಿದ್ದ, ಜನಸಂಖ್ಯೆಯ ಬಗ್ಗೆ ಅರ್ಥಶಾಸ್ತ್ರಜ್ಞ ಮಾಲ್ಥಸ್ ಬರೆದ ಪುಸ್ತಕ ನೆನಪಾಗಿ ಹೊಳೆದ ವಿಚಾರ ಅದು. ತಮಾಷೆಯೆಂದರೆ ಲೇಖನದಲ್ಲಿ ಮಾಲ್ಥಸ್‌ನ ಹೆಸರೇ ಇಲ್ಲ.

ಮಾಲ್ಥಸ್‌ನ ಋಣವನ್ನು ಬಾಯಿಬಿಟ್ಟು ಹೇಳುವವನು ಡಾರ್ವಿನ್. ಅವನ 1859ರ ಪುಸ್ತಕ ‘ಜೀವಿಪ್ರಭೇದಗಳ ಉಗಮ’ದ (On the Origin of Species) ಮೂರನೇ ಅಧ್ಯಾಯ ನೋಡಿ. ಆನೆ 30ರಿಂದ 90ರ ವಯಸ್ಸಿನೊಳಗೆ ಬರೀ 6 ಮರಿ ಹಾಕಿದರೂ, 500 ವರ್ಷಕ್ಕೆ ಒಂದು ಜೋಡಿಯ ಸಂತತಿ 1.5 ಕೋಟಿ! ಈ ಲೆಕ್ಕ ತಪ್ಪಿತ್ತು, ಮುಂದೆ ಅವನೇ ತಿದ್ದಿದ. ವಾದವೇನೂ ಅಲ್ಲಾಡಲಿಲ್ಲ: ಅಷ್ಟು ಆನೆಗಳು ಇಲ್ಲವಲ್ಲ, ಹಾಗಾದರೆ ಉಳಿದವು ಯಾವುವು, ಏಕೆ? ಉದಾಹರಣೆ ಹಿಡಿದು ಕಲಿಯುವವರಿಗೆ, ಪಾಠ ಮಾಡುವವರಿಗೆ ಇದೇ ಸಲೀಸು.

ಅರ್ಥಶಾಸ್ತ್ರ, ಇತಿಹಾಸದ ರುಚಿಯಿದ್ದರೆ ಮಾತ್ರ ಮಾಲ್ಥಸ್. ಡಾರ್ವಿನ್ 1838ರಲ್ಲಿ ಓದಿದ್ದು ಅವನ ಜನಸಂಖ್ಯೆಯ ಪುಸ್ತಕದ 1826ರ ಆರನೇ ಆವೃತ್ತಿ, ಅದು ದಪ್ಪ. 1798ರ ಮೊದಲನೆಯದು ತೆಳು, ಖಾರವೂ ಹೆಚ್ಚು. ಜನ 25 ವರ್ಷಕ್ಕೊಮ್ಮೆ ದುಪ್ಪಟ್ಟಾಗಬಲ್ಲರು, ಅನ್ನ ಹಾಗೆ ಬೆಳೆಯದು ಎಂಬ ಮೂಲ ಮಾತು ಅಲ್ಲೇ ಸಿಗುತ್ತದೆ. ಹೊಸ ಜೀವಿಪ್ರಭೇದ ಹುಟ್ಟುವ ಬಗ್ಗೆ ಮಾತ್ರ ಅದರಲ್ಲಿ ಹುಡುಕಬೇಡಿ.