ಆಲಿಕಲ್ಲು ಬಿದ್ದ ಮರುದಿನವೇ ಚಾವಣಿಗೆ ಮುಂಗಡ ಕೊಡಬೇಡಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮಾರ್ಚ್‌ನಿಂದ ಮೇ ತನಕ ಆಲಿಕಲ್ಲು ಮಳೆ ಹೊಸದೇನಲ್ಲ. ದ್ರಾಕ್ಷಿ, ಮಾವು, ಟೊಮೆಟೊ ಹಾಳಾದ ಸುದ್ದಿ ಎಲ್ಲರಿಗೂ ಮುಟ್ಟುತ್ತದೆ. ಶೀಟ್ ಮನೆಯವರ ನಷ್ಟದ ಮಾತು ಅಷ್ಟಾಗಿ ಹೊರಗೆ ಬರುವುದಿಲ್ಲ. ಆ ನಷ್ಟದಲ್ಲಿ ದೊಡ್ಡ ಪಾಲು ಆಲಿಕಲ್ಲಿನಿಂದ ಆಗುವುದೂ ಅಲ್ಲ. ಮರುದಿನ ಬೆಳಿಗ್ಗೆ ಟೆಂಪೊದಲ್ಲಿ ಬಣ್ಣದ ತಗಡಿನ ಶೀಟಿನ ತುಂಡು ಇಟ್ಟುಕೊಂಡು ಬರುವವರಿಗೆ ಗಾಬರಿಯಲ್ಲಿ ಒಪ್ಪಿಕೊಂಡ ಬಾಯಿಲೆಕ್ಕದಿಂದ ಆಗುತ್ತದೆ.

ಚಿಂತಾಮಣಿ ತಾಲ್ಲೂಕಿನ ಒಂದು ಮನೆಯಲ್ಲಿ ನಡೆದದ್ದನ್ನು ಇಲ್ಲಿ ಲೆಕ್ಕದ ಸಮೇತ ಇಡುತ್ತಿದ್ದೇವೆ. ಮನೆಯವರ ಹೆಸರು, ಕೆಲಸ ಮಾಡಿದವರ ಹೆಸರು ಬೇಡ. ಲೆಕ್ಕ ಮಾತ್ರ ಗಮನವಿಟ್ಟು ಓದಿ.

ಗೋಡೆಯಿಂದ ಗೋಡೆಗೆ 24 ಅಡಿ ಅಗಲ, 30 ಅಡಿ ಉದ್ದದ ಮನೆ. ಎರಡು ಇಳಿಜಾರಿನ ಸಿಮೆಂಟ್ ಶೀಟ್ ಚಾವಣಿ. ಒಟ್ಟು 40 ಶೀಟು. ಆಲಿಕಲ್ಲಿಗೆ ಒಡೆದದ್ದು ಪಡುವಣ ಇಳಿಜಾರಿನ 11. ಬಂದವರು ಏಣಿ ಹತ್ತಿ ನೋಡಿ, ‘ಉಳಿದವೂ ಹೋದಂತೆಯೇ, ಪೂರ್ತಿ ತೆಗೆದು ಕಲರ್ ಶೀಟ್ ಹಾಕಿಬಿಡೋಣ, ಚದರಕ್ಕೆ 11,000’ ಎಂದರು. ನೂರು ಚದರಡಿಗೆ ಒಂದು ಚದರ. ಮನೆ 720 ಚದರಡಿ, ಅಂದರೆ 7.2 ಚದರ, 79,200 ರೂಪಾಯಿ. ಮನೆಯವರು ಹೀಗೆ ಲೆಕ್ಕ ಹಾಕಿಕೊಂಡು ಅರ್ಧ ಮುಂಗಡ ಕೊಟ್ಟರು. ಕೊನೆಯಲ್ಲಿ ಬಂದ ಬಿಲ್ಲು 1,40,656.

ಈ ಅಂತರ ಎಲ್ಲಿಂದ ಬಂತು? ಚಾವಣಿಯನ್ನು ನೆಲದ ಅಳತೆಯಲ್ಲಿ ಯಾರೂ ಹಾಕುವುದಿಲ್ಲ. ಗೋಡೆಯಿಂದಾಚೆ ಒಂದೂವರೆ ಅಡಿ ಸೂರು ಬಿಡಬೇಕು, ಇಳಿಜಾರಿಗೆ ಉದ್ದ ಹೆಚ್ಚಾಗುತ್ತದೆ. ಈ ಮನೆಗೆ ಒಂದೊಂದು ಇಳಿಜಾರು 14 ಅಡಿ, ಉದ್ದದ ಕಡೆ ಎರಡೂ ತುದಿಗೆ ಒಂದೊಂದು ಅಡಿ ಸೇರಿ 32 ಅಡಿ. ಎರಡೂ ಇಳಿಜಾರು ಸೇರಿದರೆ 896 ಚದರಡಿ. ಅಲ್ಲಿಗೂ ನಿಲ್ಲಲಿಲ್ಲ. ಶೀಟಿನ ಅಗಲ ಮೂರೂವರೆ ಅಡಿ, ಪಕ್ಕದ ಶೀಟಿನ ಮೇಲೆ ಒಂದು ಏಣು (ಉಬ್ಬಿದ ಮಡಿಕೆ) ಕೂತ ಮೇಲೆ ಅದು ಮುಚ್ಚುವುದು ಒಂದು ಮೀಟರ್, ಅಂದರೆ 3.28 ಅಡಿ. ಒಂದು ಇಳಿಜಾರಿಗೆ 10 ಶೀಟಿನಂತೆ 20 ಶೀಟು ಬೇಕಾದವು. 20 ಶೀಟು, 14 ಅಡಿ, ಮೂರೂವರೆ ಅಡಿ ಗುಣಿಸಿದರೆ 980 ಚದರಡಿ. ಬಿಲ್ಲು ಬಿದ್ದದ್ದು ಈ 9.8 ಚದರದ ಮೇಲೆ, 1,07,800. ನೆತ್ತಿಗೆ ಹಾಕುವ ರಿಡ್ಜ್ 32 ಅಡಿಗೆ 6,400, ಹಳೇ ಶೀಟು ಇಳಿಸಿ ಸಾಗಿಸಲು 5,000, ಅದೆಲ್ಲದರ ಮೇಲೆ ಶೇ 18ರ ಜಿಎಸ್‌ಟಿ 21,456.

ಶೀಟಿನ ಪೂರ್ತಿ ಅಗಲಕ್ಕೆ ದುಡ್ಡು ಕೇಳುವುದು ಮೋಸವಲ್ಲ, ಅಂಗಡಿಯವರು ಮಾರುವುದೇ ಹಾಗೆ. ಮೊದಲೇ ಹೇಳದೆ ಇದ್ದದ್ದು ಮೋಸ. ಆದ್ದರಿಂದ ಚದರದ ದರ ಕೇಳಿದ ತಕ್ಷಣ ಹೂಂ ಅನ್ನಬೇಡಿ. ಎಷ್ಟು ಅಡಿ ಉದ್ದದ ಎಷ್ಟು ಶೀಟು, ರಿಡ್ಜ್ ಎಷ್ಟು ಅಡಿ, ಸ್ಕ್ರೂ ಎಷ್ಟು, ಇಳಿಸುವ ಕೂಲಿ, ಸಾಗಾಣಿಕೆ, ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಪ್ರತಿಯೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರಿಗೆ ಕೆಲಸ ಕೊಡಬೇಡಿ.

ಇನ್ನೂ ಬೇಸರದ ಸಂಗತಿ ದಪ್ಪದ್ದು. ಮಾತಾಡಿದ್ದು 0.50 ಮಿ.ಮೀ., ಹಾಕಿದ್ದು 0.35. ಮೇಲೆ ಹತ್ತಿಸಿದ ಮೇಲೆ ಕಣ್ಣಿಗೆ ಎರಡೂ ಒಂದೇ. ತೂಕಕ್ಕೆ ಮಾತ್ರ ಒಂದೇ ಅಲ್ಲ. ಉಕ್ಕಿನ ತಗಡು ಒಂದು ಮಿ.ಮೀ. ದಪ್ಪವಿದ್ದರೆ ಚದರ ಮೀಟರಿಗೆ 7.85 ಕೆಜಿ ತೂಗುತ್ತದೆ. ಈ ಶೀಟುಗಳನ್ನು 1,220 ಮಿ.ಮೀ. ಅಗಲದ ಸುರುಳಿಯಿಂದ ಮಡಿಸುತ್ತಾರೆ. ಬಣ್ಣ, ಲೇಪನ ಎಲ್ಲ ಸೇರಿ 0.50 ಎಂದಾಗ ಒಳಗಿನ ಉಕ್ಕು 0.45ರ ಆಸುಪಾಸು ಇರುತ್ತದೆ. ಅಂಥ 14 ಅಡಿ ಶೀಟು 19 ಕೆಜಿಗೂ ತುಸು ಹೆಚ್ಚೇ ತೂಗಬೇಕು. 0.35ರ ಶೀಟಾದರೆ 13 ಕೆಜಿ. 20 ಶೀಟಿಗೆ 390 ಕೆಜಿ ಬರಬೇಕಾದಲ್ಲಿ 260 ಬಂದರೆ, 130 ಕೆಜಿ ಉಕ್ಕಿನ ದುಡ್ಡು ಹೋಯಿತು ಎಂದರ್ಥ. ಗಾಡಿ ಮನೆಗೆ ಬರುವ ಮುಂಚೆ ವೇಬ್ರಿಡ್ಜ್ ಚೀಟಿ ಕೇಳಿ. ಅದಿಲ್ಲದಿದ್ದರೆ ರೇಷ್ಮೆಗೂಡು, ತರಕಾರಿ ತೂಗುವ ತಕ್ಕಡಿಯ ಮೇಲೆ ಒಂದೇ ಒಂದು ಶೀಟು ಇಟ್ಟರೂ ಸಾಕು. ಶೀಟಿನ ಹಿಂಬದಿಯ ಮುದ್ರೆ ಓದುವಾಗಲೂ ಹುಷಾರು. 0.50 ಎಂಬುದು ಲೇಪನ ಸೇರಿದ್ದೋ ಬರೀ ಉಕ್ಕಿನದೋ ಎಂದು ಕೇಳಿ, ಉತ್ತರವನ್ನು ಕೊಟೇಷನ್ನಿನಲ್ಲೇ ಬರೆಸಿ.

ತೆಳು ಶೀಟು ಹಾಕಿದ್ದರಿಂದ ಆದದ್ದೇನು ಎಂಬುದು ಮೇ ತಿಂಗಳ ಒಂದು ಬಿರುಗಾಳಿಗೆ ಗೊತ್ತಾಯಿತು. ಪಡುವಣ ಸೂರಿನ ನಾಲ್ಕು ಶೀಟು ಮೇಲೆದ್ದು ಮಡಚಿಕೊಂಡವು. ಸ್ಕ್ರೂಗಳು ಪೈಪಿನಲ್ಲೇ ಉಳಿದಿದ್ದವು, ತಗಡು ಮಾತ್ರ ಅವುಗಳ ತಲೆಯ ಮೇಲಿಂದ ಹರಿದುಕೊಂಡು ಬಂದಿತ್ತು. ತಗಡು ತೆಳುವಾದದ್ದರ ಜತೆ ಇನ್ನೊಂದು ಕಾರಣವೂ ಇತ್ತು: ಶೀಟನ್ನು ಕೆಳಗಿನಿಂದ ಹೊರುವ ಅಡ್ಡ ಪೈಪುಗಳು, ಅಂದರೆ ಪರ್ಲಿನ್‌ಗಳು, ಹಳೇ ಸಿಮೆಂಟ್ ಶೀಟಿಗೆಂದು ಕೂರಿಸಿದವು. ಆರು ಮಿ.ಮೀ. ಸಿಮೆಂಟ್ ಶೀಟಿಗೆ ಪರ್ಲಿನ್‌ಗಳ ನಡುವೆ 1.4 ಮೀಟರ್ ತನಕ, ಅಂದರೆ ನಾಲ್ಕೂವರೆ ಅಡಿ ಬಿಡಬಹುದು. ಇಲ್ಲಿ ಇಳಿಜಾರಿಗೆ ನಾಲ್ಕೇ ಸಾಲು ಇದ್ದವು. ಸಿಮೆಂಟ್ ಶೀಟು ತನ್ನ ಭಾರಕ್ಕೇ ಕೂತಿರುತ್ತದೆ. ಹಗುರ ತಗಡು ಹಾಗಲ್ಲ, ಗಾಳಿ ಅದನ್ನು ಕೆಳಗಿನಿಂದ ಎತ್ತುತ್ತದೆ. ಸಾಲು ಕಡಿಮೆಯಾದಷ್ಟೂ ಒಂದೊಂದು ಸ್ಕ್ರೂ ಹಿಡಿದಿಡಬೇಕಾದ ಎಳೆತ ಹೆಚ್ಚು. ಸೂರಿನ ಅಂಚಿನಲ್ಲಂತೂ ಎಲ್ಲಕ್ಕಿಂತ ಹೆಚ್ಚು. ಮೂರೂವರೆ ಅಡಿಗೊಂದರಂತೆ ಇಳಿಜಾರಿಗೆ ಐದು ಸಾಲು ಮಾಡಿಸಿದ್ದರೆ 32 ಅಡಿಯ ಎರಡು ಪೈಪು ಹೆಚ್ಚು ಬೇಕಾಗುತ್ತಿತ್ತು, ಉಳಿದವನ್ನು ಜರುಗಿಸಿ ವೆಲ್ಡ್ ಮಾಡುವ ಕೂಲಿ ಬೀಳುತ್ತಿತ್ತು. ‘ಹಳೇ ಪೈಪೇ ಸಾಕು’ ಎಂದು ಉಳಿಸಿದ್ದು ಅದನ್ನು.

ಹಳೇ ಪೈಪನ್ನು ಉಳಿಸಿಕೊಳ್ಳುವುದಾದರೆ ಮೊದಲು ಸುತ್ತಿಗೆಯಿಂದ ಬಡಿದು ನೋಡಿಸಿ. ಹಳೇ ಶೀಟನ್ನು ಪೈಪಿಗೆ ಹಿಡಿದಿದ್ದ ಜೆ ಹುಕ್ಕು ಕೂತ ಜಾಗದಲ್ಲಿ ನೀರಿಳಿದು ಒಳಗೆ ತುಕ್ಕು ಹಿಡಿದಿರುತ್ತದೆ. ತಾನೇ ಕೊರೆದುಕೊಂಡು ಹೋಗುವ ಸ್ಕ್ರೂಗೆ ಪೈಪಿನ ಗೋಡೆ ಎರಡು ಮಿ.ಮೀ. ಇದ್ದರೆ ಹಿಡಿತ ಚೆನ್ನಾಗಿರುತ್ತದೆ. ತುಕ್ಕು ತಿಂದು ತೆಳ್ಳಗಾದ ಪೈಪಿನಲ್ಲಿ ಸ್ಕ್ರೂ ಸುಮ್ಮನೆ ತಿರುಗುತ್ತದೆ, ಹಿಡಿಯುವುದಿಲ್ಲ.

ಸ್ಕ್ರೂ ವಿಷಯಕ್ಕೆ ಬಂದರೆ, ಈ ಅಳತೆಯ ಚಾವಣಿಗೆ ಶೀಟಿಗೆ ಒಂದು ಪರ್ಲಿನ್ ಮೇಲೆ ಐದರಂತೆ 500, ಪಕ್ಕದ ಜೋಡಣೆ ಮತ್ತು ರಿಡ್ಜ್‌ಗೆ ಇನ್ನಷ್ಟು ಬೇಕು. ಮೂರುನೂರಕ್ಕೆ ಮುಗಿಸಿದೆವು ಎಂದರೆ ಎಲ್ಲೋ ಬಿಟ್ಟಿದ್ದಾರೆ. ಏಣಿನ ಮೇಲೆ ಹೊಡೆಯಬೇಕು, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ಅದಕ್ಕೆ 55 ಮಿ.ಮೀ. ಉದ್ದದ ಸ್ಕ್ರೂ ಬೇಕು. 25 ಮಿ.ಮೀ. ಸ್ಕ್ರೂ ಅಗ್ಗ, ಅದು ತಗ್ಗಿಗೆ ಮಾತ್ರ ಮುಟ್ಟುತ್ತದೆ, ಹಾಗಾಗಿ ಕೆಲವರು ತಗ್ಗಿನಲ್ಲೇ ಹೊಡೆದುಬಿಡುತ್ತಾರೆ. ಕೆಲಸ ನಡೆಯುವಾಗ ಒಂದು ಸ್ಕ್ರೂವನ್ನು ಹತ್ತಿರದಿಂದ ನೋಡಿ: ತಲೆಯ ಕೆಳಗಿನ ಕಪ್ಪು ರಬ್ಬರ್ ವಾಷರ್ ಲೋಹದ ಬಿಲ್ಲೆಯ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಉಬ್ಬಿರಬೇಕು. ಬಿಲ್ಲೆ ಬಗ್ಗಿ ರಬ್ಬರ್ ಹೊರಗೆ ಪಿಚಕ್ಕೆಂದು ಬಂದಿದ್ದರೆ ಬಿಸಿಲಿಗೆ ಬೇಗ ಸೀಳುತ್ತದೆ. ಬೆರಳಲ್ಲಿ ಬಿಲ್ಲೆ ತಿರುಗಿದರೆ ಮೊದಲ ಮಳೆಗೇ ಸೋರುತ್ತದೆ. ಗ್ರೈಂಡರ್‌ನಲ್ಲಿ ಶೀಟು ಕತ್ತರಿಸಲು ಬಿಡಬೇಡಿ. ಕಿಡಿ ಬಿದ್ದಲ್ಲೆಲ್ಲ ಲೇಪನ ಸುಟ್ಟು ತುಕ್ಕು ಶುರುವಾಗುತ್ತದೆ. ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಕೊರೆದ ಪುಡಿಯನ್ನು ಅಂದೇ ಗುಡಿಸಿಸಿ.

ಈಗ ಮುಖ್ಯ ಪ್ರಶ್ನೆ. ಪೂರ್ತಿ ಬದಲಿಸಬೇಕಿತ್ತೇ? ಬೇಕಿರಲಿಲ್ಲ. ಒಡೆದ 11ರ ಜತೆ ಎತ್ತುವಾಗ ಒಡೆಯಬಹುದೆಂದು ಎರಡು ಹೆಚ್ಚಿಗೆ ತಂದು, ಶೀಟಿಗೆ 700 ಹಿಡಿದರೂ 9,100. ಹುಕ್ಕು, ಡಾಂಬರು ವಾಷರ್, ಕೂಲಿ, ಬಾಡಿಗೆ ಸೇರಿ 20,000ದೊಳಗೆ ಮುಗಿಯುವ ಕೆಲಸವಿತ್ತು. ಉಳಿದವು ಚೆನ್ನಾಗಿವೆಯೇ ಎಂದು ತಿಳಿಯಲು ಸುಲಭದ ದಾರಿಯಿದೆ. ಬಿಸಿಲು ಏರಿದಾಗ ಮನೆಯೊಳಗೆ ಕತ್ತಲು ಮಾಡಿ ಮೇಲೆ ನೋಡಿ, ಬೆಳಕು ಇಣುಕುತ್ತದೆಯೇ ಎಂದು. ಬಳಿಕ ಏಣಿಯ ಮೇಲಿಂದಲೇ ಪೈಪಿನಲ್ಲಿ ನೀರು ಹಾಯಿಸಿ ಒಣಗಲು ಬಿಡಿ. ಶೀಟು ಒಣಗಿ ಬಿಳಿಚಿಕೊಳ್ಳುವಾಗ ಸೀಳಿದ್ದ ಕಡೆ ಮಾತ್ರ ಕಪ್ಪು ಗೆರೆ ಉಳಿಯುತ್ತದೆ. ಗೆರೆ ಕಂಡ ಶೀಟನ್ನಷ್ಟೇ ಬದಲಿಸಿ. ಅಂಗಡಿಗೆ ಹೋಗುವಾಗ ಹಳೇ ಶೀಟಿನ ಒಡೆದ ತುಂಡನ್ನು ಒದ್ದೆ ಮಾಡಿ ಕವರಿನಲ್ಲಿ ಕಟ್ಟಿಕೊಂಡು ಹೋಗಿ. ಅಲೆಯ ಅಂತರ ಹೊಂದದಿದ್ದರೆ ಹೊಸದು ಹಳೆಯದರ ಮೇಲೆ ಕೂರುವುದಿಲ್ಲ, ಹುಕ್ಕು ಬಿಗಿದಾಗ ಎರಡೂ ಬಿರಿಯುತ್ತವೆ.

ಸಿಮೆಂಟ್ ಶೀಟಿನ ಮೇಲೆ ದಯವಿಟ್ಟು ಯಾರೂ ಕಾಲಿಡಬೇಡಿ. ಆಲಿಕಲ್ಲಿನ ಏಟು ತಿಂದ ಶೀಟು ಮೇಲೆ ಸರಿಯಾಗಿಯೇ ಕಾಣುತ್ತದೆ, ಕಾಲಿಟ್ಟರೆ ಮನುಷ್ಯನ ಸಮೇತ ಒಳಗೆ ಬೀಳುತ್ತದೆ. ಪರ್ಲಿನ್‌ನಿಂದ ಪರ್ಲಿನ್‌ಗೆ ಹಲಗೆ ಹಾಸಿ, ಅದರ ಮೇಲೆ ಮಾತ್ರ ಓಡಾಡಬೇಕು. ಹಳೇ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಅದರ ದೂಳು ಶ್ವಾಸಕೋಶಕ್ಕೆ ಹೋದರೆ ಹಲವು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು. ಹಾಗಾಗಿ ನೀರು ಚಿಮುಕಿಸಿ ಇಳಿಸಬೇಕು, ಮೇಲಿಂದ ಎಸೆಯಬಾರದು, ಒಣಗಿದ್ದಾಗ ಕತ್ತರಿಸಬಾರದು, ಪೊರಕೆಯಲ್ಲಿ ಗುಡಿಸಬಾರದು. ಕೆಲಸದವರಿಗೆ ಕಲ್ನಾರಿನ ದೂಳು ತಡೆಯುವ ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಕೊಡಿ, ಟವಲ್ಲು ಸಾಲದು. ಒಡೆದ ಚೂರುಗಳನ್ನು ಅಂಗಳಕ್ಕೆ, ದಾರಿಗೆ ಹಾಕಿ ತುಳಿಯುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಮಕ್ಕಳು ಆಡುವ ಜಾಗವದು, ಬೇಡವೇ ಬೇಡ.

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಮನೆ ಇರುವವರು ಇನ್ನೊಂದು ಯೋಚಿಸಬೇಕು. ದೊಡ್ಡ ಹುಳುಗಳಿಗೆ 23ರಿಂದ 25 ಡಿಗ್ರಿ ಬೇಕು. ಏಪ್ರಿಲ್ ಬಿಸಿಲಿಗೆ ಬರೀ ತಗಡಿನ ಕೆಳಗೆ ಅದು ಸಾಧ್ಯವೇ ಇಲ್ಲ. ಸಿಮೆಂಟ್ ಶೀಟು ತೆಗೆದು ತಗಡು ಹಾಕಿಸಿದರೆ ಒಳಗೆ ಸೀಲಿಂಗ್ ಅಥವಾ ಶಾಖ ತಡೆಯುವ ಪದರದ ಖರ್ಚೂ ಅದೇ ಕೊಟೇಷನ್ನಿಗೆ ಸೇರಬೇಕು. ಮಾಲೂರಿನ ಹೆಂಚು ಹಾಕಿಸೋಣ ಎನ್ನುವವರಿಗೆ: ಒಂದು ಚದರಕ್ಕೆ 150ರ ಹತ್ತಿರ ಮಂಗಳೂರು ಹೆಂಚು ಬೇಕು, ತೂಕ ನಾನೂರು ಕೆಜಿ ದಾಟುತ್ತದೆ. ತಗಡಿನ ಹತ್ತು ಪಟ್ಟು ಭಾರ. ಶೀಟಿನ ಪೈಪುಗಳು ಅದನ್ನು ಹೊರುವುದಿಲ್ಲ.

ಚಿಂತಾಮಣಿಯ ಆ ಮನೆಯವರು ಸರ್ಕಾರದ ಪರಿಹಾರವನ್ನೂ ಕಳೆದುಕೊಂಡರು. ಬಂದವರು ಮೊದಲ ದಿನವೇ ಒಡೆದ ಶೀಟು ಇಳಿಸಿ ಸಾಗಿಸಿದ್ದರು, ಮಹಜರಿಗೆ ಬಂದಾಗ ತೋರಿಸಲು ಏನೂ ಇರಲಿಲ್ಲ, ಫೋಟೊ ಕೂಡ ಇಲ್ಲ. ಆಲಿಕಲ್ಲು ಮಳೆ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿದೆ. 2022–26ರ ಕೇಂದ್ರ ಮಾರ್ಗಸೂಚಿಯಂತೆ ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000, ಮನೆಗೆ ಸೇರಿದ ಕೊಟ್ಟಿಗೆಗೆ 3,000 ಎಂದಿತ್ತು. ದೊಡ್ಡ ಮೊತ್ತವಲ್ಲ, ಆದರೆ ಒಡೆದ ಶೀಟುಗಳ ಬೆಲೆಯ ಬಹುಪಾಲು ಅದರಲ್ಲೇ ಬರುತ್ತಿತ್ತು. ಒಡೆದದ್ದು ಮುಟ್ಟುವ ಮೊದಲು ಹೊರಗಿನಿಂದ, ಒಳಗಿನಿಂದ, ಮನೆಯ ಮುಂಭಾಗ ಕಾಣುವಂತೆ ಫೋಟೊ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಇಸಿದುಕೊಳ್ಳಿ. ವಿಮೆ ಇದ್ದರೆ ಅವರಿಗೂ ಅದೇ ದಿನ ತಿಳಿಸಿ, ಸರ್ವೇಯರ್ ನೋಡುವ ತನಕ ಚೂರುಗಳನ್ನು ಒಂದು ಮೂಲೆಯಲ್ಲಿ ಟಾರ್ಪಾಲ್ ಮುಚ್ಚಿ ಇಡಿ.

ಆ ನಡುವಿನ ದಿನಗಳಿಗೆ ದಪ್ಪ ಟಾರ್ಪಾಲ್ ಸಾಕು. ನೆತ್ತಿಯಾಚೆಗೂ ಮೂರು ಅಡಿ ಇಳಿಬಿಟ್ಟು, ಹಗ್ಗವನ್ನು ಗೋಡೆಯ ಹೊರಗಿನ ಗೂಟಕ್ಕೆ ಬಿಗಿಯಿರಿ. ಮೇಲೆ ಕಲ್ಲು ಹೇರಬೇಡಿ, ಉಳಿದ ಶೀಟೂ ಒಡೆಯುತ್ತದೆ. ಹೀಗೆ ಮುಚ್ಚಿದರೆ ನಾಲ್ಕು ಕಡೆ ದರ ವಿಚಾರಿಸಲು ಸಮಯ ಸಿಗುತ್ತದೆ.

ದುಡ್ಡು ಕೊಡುವ ಕ್ರಮವನ್ನೂ ಕಾಗದದ ಮೇಲೆ ಹಾಕಿಸಿ. ಸಾಮಾನಿನ ದುಡ್ಡನ್ನು ನೇರವಾಗಿ ಅಂಗಡಿಗೇ ಕಟ್ಟಿ, ಜಿಎಸ್‌ಟಿ ಬಿಲ್ಲು ನಿಮ್ಮ ಹೆಸರಿನಲ್ಲೇ ತೆಗೆದುಕೊಳ್ಳಿ. ಕೂಲಿಯಲ್ಲಿ ಅರ್ಧ ಶೀಟು ಏರಿದ ಮೇಲೆ, ಉಳಿದದ್ದರಲ್ಲಿ ಹೆಚ್ಚಿನದು ರಿಡ್ಜ್ ಕೂತ ಮೇಲೆ. ಕೊನೆಯ ಹತ್ತನೇ ಒಂದು ಭಾಗವನ್ನು ಒಂದು ಜೋರು ಮಳೆ ಬಂದು ಒಳಗೆ ಹನಿ ಬೀಳದಿದ್ದರೆ ಮಾತ್ರ ಕೊಡುವುದಾಗಿ ಬರೆಸಿ, ಮೇಸ್ತ್ರಿಯ ಸಹಿ ಹಾಕಿಸಿ.